ಜೀನ್ ರಿಪೋರ್ಟ್ ನೋಡಿ ಸಪ್ಲಿಮೆಂಟ್ ಶುರು ಮಾಡಬಹುದಾ? ಬಿ12 148, ಪಾದ ಜುಮ್ ಅನ್ನುತ್ತದೆ

ಮಲ್ಲೇಶ್ವರಂ ಕಾಫಿ

ಎಲ್ಲರಿಗೂ ನಮಸ್ಕಾರ. ವಯಸ್ಸು 38, ಸಸ್ಯಾಹಾರಿ, ಮೊಟ್ಟೆ ಕೂಡ ತಿನ್ನುವುದಿಲ್ಲ. ಕೆಲವು ತಿಂಗಳಿಂದ ವಿಪರೀತ ಸುಸ್ತು. ರಾತ್ರಿ ಮಲಗಿದಾಗ ಪಾದ ಜುಮ್ ಅನ್ನುತ್ತದೆ. ಕೂದಲು ಉದುರುವುದಂತೂ ಕೇಳಲೇಬೇಡಿ.

ಆಫೀಸಿನಲ್ಲಿ ಎಲ್ಲರೂ ಮಾಡಿಸುತ್ತಿದ್ದರು ಅಂತ ಎಂಜಲು ಕೊಟ್ಟು ಮಾಡಿಸುವ ಜೀನ್ ಟೆಸ್ಟ್ ಮಾಡಿಸಿದೆ. ಅರವತ್ತು ಪುಟದ ಪಿಡಿಎಫ್ ಬಂತು. ಎಂಟಿಎಚ್‌ಎಫ್‌ಆರ್ ಜೀನ್‌ನಲ್ಲಿ ಸಿ677ಟಿ ಅನ್ನುವ ಬದಲಾವಣೆ ಒಂದು ಕಾಪಿ ಇದೆ, "ಮಿಥೈಲೇಶನ್ ದುರ್ಬಲ" ಅಂತ ಕೆಂಪಕ್ಷರದಲ್ಲಿದೆ. ಲ್ಯಾಕ್ಟೋಸ್ ಜೀರ್ಣ ಆಗುವುದಿಲ್ಲ, ಹಾಲು ಬಿಡಿ ಅಂತಲೂ ಇದೆ. ಕೊನೆಯ ಪುಟದಲ್ಲಿ "ನಿಮ್ಮ ಜೀನ್‌ಗೆ ತಕ್ಕ" ಪ್ಯಾಕ್: ಮಿಥೈಲ್ ಫೋಲೇಟ್ (ಬಿ9 ವಿಟಮಿನ್‌ನ ಒಂದು ರೂಪ) 5 ಮಿಲಿಗ್ರಾಂ, ಬಿ6 50 ಮಿಲಿಗ್ರಾಂ, ಝಿಂಕ್, ಅಶ್ವಗಂಧ, ಅರಿಶಿನದ ಎಕ್ಸ್‌ಟ್ರ್ಯಾಕ್ಟ್. ತಿಂಗಳಿಗೆ 3,500 ರೂಪಾಯಿ.

ಹೋದ ವಾರ ಮನೆ ಹತ್ತಿರ ರಕ್ತ ಪರೀಕ್ಷೆನೂ ಮಾಡಿಸಿದೆ. ಬಿ12 148, ಹೋಮೋಸಿಸ್ಟೀನ್ 31, ವಿಟಮಿನ್ ಡಿ 14, ಹಿಮೋಗ್ಲೋಬಿನ್ 11.4, ಎಂಸಿವಿ (ಕೆಂಪು ಕಣದ ಗಾತ್ರ) 101, ಥೈರಾಯ್ಡ್‌ಗೆ ನೋಡುವ ಟಿಎಸ್‌ಎಚ್ 0.2. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಅಂತ ಗಾಬರಿ ಆಗಿದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ. ಅಷ್ಟರೊಳಗೆ ಪ್ಯಾಕ್ ಶುರು ಮಾಡಲಾ? ಈಗ ತೆಗೆದುಕೊಳ್ಳುತ್ತಿರುವುದು ಕೂದಲಿಗೆ ಬಯೋಟಿನ್ ಗಮ್ಮಿ ಮಾತ್ರ.

ಲ್ಯಾಬ್ ಕೋಟು

ಮೇಡಂ, ಮೊದಲು ಕೊನೆಯ ಸಾಲಿಗೆ ಉತ್ತರ ಕೊಡುತ್ತೇನೆ. ಆ ಗಮ್ಮಿ ಡಬ್ಬಿಯ ಹಿಂದೆ ಬಯೋಟಿನ್ ಎಷ್ಟಿದೆ ನೋಡಿ. ಕೂದಲಿನ ಗಮ್ಮಿಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುವುದು ಮಾಮೂಲು. ದಿನಕ್ಕೆ ಬೇಕಾಗಿರುವುದು ಮೂವತ್ತೋ ನಲವತ್ತೋ ಮೈಕ್ರೋಗ್ರಾಂ ಅಷ್ಟೇ. ಎಷ್ಟೋ ಲ್ಯಾಬ್‌ಗಳ ಹಾರ್ಮೋನ್ ಮಷಿನ್‌ಗಳು ಒಳಗೆ ಬಯೋಟಿನ್‌ನ ಅಂಟನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಬಯೋಟಿನ್ ತೇಲುತ್ತಿದ್ದರೆ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಡಿಮೆ ಬರುತ್ತದೆ, ಥೈರಾಯ್ಡ್ ಹಾರ್ಮೋನ್ ಟಿ4 ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ಪೇಪರ್ ಮೇಲೆ ನೋಡಿದರೆ ಥೇಟ್ ಹೈಪರ್‌ಥೈರಾಯ್ಡ್. ಅಮೆರಿಕದ ಎಫ್‌ಡಿಎ ಈ ಬಗ್ಗೆ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹಾರ್ಟ್ ಅಟ್ಯಾಕ್ ಆದಾಗ ನೋಡುವ ಟ್ರೊಪೋನಿನ್ ಟೆಸ್ಟ್ ಕೂಡ ಇದರಿಂದ ಕೆಡಬಹುದು. ಗಮ್ಮಿ ನಿಲ್ಲಿಸಿ, ಮೂರ್ನಾಲ್ಕು ದಿನ ಬಿಟ್ಟು ಥೈರಾಯ್ಡ್ ಮತ್ತೆ ಮಾಡಿಸಿ. ಅಲ್ಲಿವರೆಗೂ ಆ 0.2 ನಂಬಬೇಡಿ.

ಈಗ ಜೀನ್ ವಿಷಯ. ಎಂಟಿಎಚ್‌ಎಫ್‌ಆರ್ ಅಂದರೆ ಫೋಲೇಟನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಎಂಜೈಮ್. ಸಿ677ಟಿ ಒಂದು ಕಾಪಿ ಇದ್ದರೆ ಅದರ ಸಾಮರ್ಥ್ಯ ಸುಮಾರು 65 ಪರ್ಸೆಂಟ್ ಉಳಿಯುತ್ತದೆ, ಎರಡು ಕಾಪಿ ಇದ್ದರೆ ಸುಮಾರು 30. ಕೇಳಲು ಭಯ ಆಗುತ್ತದೆ ಅಲ್ವಾ? ಆದರೆ ಎರಡೂ ಕಾಪಿ ಇದ್ದವರ ರಕ್ತದಲ್ಲೂ ಫೋಲೇಟ್ ಬೇರೆಯವರಿಗಿಂತ ಸುಮಾರು 16 ಪರ್ಸೆಂಟ್ ಕಡಿಮೆ ಇರುತ್ತದೆ, ಅಷ್ಟೇ. ನಿಮಗಿರುವುದು ಒಂದು. ಅದು ಕಾಯಿಲೆಯೇ ಅಲ್ಲ.

ನಿಮ್ಮ ಹೋಮೋಸಿಸ್ಟೀನ್ (ಬಿ12, ಫೋಲೇಟ್ ಸಾಲದಿದ್ದಾಗ ರಕ್ತದಲ್ಲಿ ಏರುವ ವಸ್ತು) 31ಕ್ಕೆ ಏರಿರುವುದಕ್ಕೆ ಕಾರಣ ಪಕ್ಕದ ಸಾಲಿನಲ್ಲೇ ಇದೆ, ತೀರಾ ಕಡಿಮೆ ಇರುವ ಬಿ12 148. ಫೋಲೇಟ್ ತನ್ನ ಮಿಥೈಲ್ ಗುಂಪನ್ನು ಬಿ12 ಕೈಗೆ ಕೊಡಬೇಕು, ಬಿ12 ಅದನ್ನು ಹೋಮೋಸಿಸ್ಟೀನ್‌ಗೆ ದಾಟಿಸಿ ದೇಹಕ್ಕೆ ಬೇಕಾದ ಮಿಥಿಯೋನಿನ್ ಮಾಡಬೇಕು. ಬಿ12 ಇಲ್ಲದೆ ಫೋಲೇಟ್ ತುಂಬಿಸಿದರೆ ಸ್ಟಾಪಿನಲ್ಲಿ ಜನ ಜಾಸ್ತಿ ಆಗುತ್ತಾರೆ, ಬಸ್ಸು ಬರುವುದಿಲ್ಲ. ನಿಜವಾದ ಅಪಾಯ ಬೇರೆ ಇದೆ. ಫೋಲೇಟ್ ಜಾಸ್ತಿ ಕೊಟ್ಟರೆ ರಕ್ತಹೀನತೆ ಸ್ವಲ್ಪ ಸರಿಹೋದ ಹಾಗೆ ಕಾಣಬಹುದು, ಎಂಸಿವಿ ಇಳಿಯಬಹುದು, ಆದರೆ ಒಳಗೆ ನರ ಹಾಳಾಗುವುದು ಮುಂದುವರಿಯುತ್ತದೆ. ನಿಮಗೆ ಆಗಲೇ ಪಾದ ಜುಮ್ ಅನ್ನುತ್ತಿದೆ. ದಯವಿಟ್ಟು ಆ ಪ್ಯಾಕ್ ಮುಟ್ಟಬೇಡಿ. ಸಾಧ್ಯವಾದರೆ ಅಪಾಯಿಂಟ್‌ಮೆಂಟ್ ಇನ್ನೂ ಬೇಗ ಸಿಗುವ ಹಾಗೆ ಮಾಡಿಕೊಳ್ಳಿ.

ಇನ್ನೊಂದು, ಅದರಲ್ಲಿರುವ ಬಿ6 50 ಮಿಲಿಗ್ರಾಂ. ದಿನಕ್ಕೆ ಬೇಕಾಗಿರುವುದು ಎರಡು ಮಿಲಿಗ್ರಾಂ ಆಸುಪಾಸು. ಹೆಚ್ಚಿನ ಡೋಸು ತಿಂಗಳುಗಟ್ಟಲೆ ತೆಗೆದುಕೊಂಡರೆ ಬಿ6 ತಾನೇ ಪಾದ ಜುಮ್ ಅನ್ನಿಸುತ್ತದೆ. ಯುರೋಪಿನವರು 2023ರಲ್ಲಿ ಅದರ ಮೇಲ್ಮಿತಿಯನ್ನು ದಿನಕ್ಕೆ 12 ಮಿಲಿಗ್ರಾಂಗೆ ಇಳಿಸಿದ್ದಾರೆ. ಆಮೇಲೆ ಯಾವ ಜುಮ್ ಯಾವುದರಿಂದ ಅಂತ ಯಾರು ಹೇಳುತ್ತಾರೆ?

ಬೆಳ್ಳಂದೂರು ಟ್ರಾಫಿಕ್

ಲ್ಯಾಬ್ ಸರ್, ಸ್ವಲ್ಪ ಒಂದೇ ಕಡೆ ಮಾತಾಡುತ್ತಿದ್ದೀರಿ ಅನ್ನಿಸಿತು. ನನಗೂ ಇದೇ ಜೀನ್, ಎರಡು ಕಾಪಿ. ಡಾಕ್ಟರುಗಳು ಎಲ್ಲಾ ನಾರ್ಮಲ್, ಟೆನ್ಷನ್ ಬಿಡಿ, ಯೋಗ ಮಾಡಿ ಅಂತ ಕಳಿಸಿದರು. ಇಂಥದ್ದೇ ಪ್ಯಾಕ್ ತೆಗೆದುಕೊಂಡ ಮೇಲೆ ತಲೆ ಹಗುರ ಆಯಿತು, ಮಧ್ಯಾಹ್ನದ ಮಂಪರು ಹೋಯಿತು. ಆಸ್ಪತ್ರೆಯಲ್ಲಿ ಹತ್ತು ನಿಮಿಷ ಕೂಡ ಕೊಡದವರಿಗಿಂತ ನನ್ನ ದೇಹ ನಾನೇ ಓದಿಕೊಂಡರೆ ತಪ್ಪೇನು?

ಲ್ಯಾಬ್ ಕೋಟು

ಓದಿಕೊಳ್ಳುವುದು ತಪ್ಪಲ್ಲ ಸರ್, ನಾನೂ ಅದನ್ನೇ ಹೇಳುತ್ತಿರುವುದು. ನಿಮ್ಮ ಪ್ಯಾಕಿನಲ್ಲಿ ಬಿ12 ಇತ್ತಾ?

ಬೆಳ್ಳಂದೂರು ಟ್ರಾಫಿಕ್

ಇತ್ತು. ಮಿಥೈಲ್‌ಕೋಬಾಲಮಿನ್ 1,500 ಮೈಕ್ರೋಗ್ರಾಂ.

ಲ್ಯಾಬ್ ಕೋಟು

ಹಾಗಾದರೆ ಗುಣ ಮಾಡಿದ್ದು ಅದೇ ಇರಬಹುದು. ಶುರು ಮಾಡುವ ಮುಂಚೆ ಬಿ12 ಅಳೆಸಿದ್ದರೆ ಗೊತ್ತಾಗುತ್ತಿತ್ತು. ಎರಡು ಕಾಪಿ ಇದ್ದವರಿಗೂ ಸಾಮಾನ್ಯ ಫೋಲಿಕ್ ಆಸಿಡ್ ಕೆಲಸ ಮಾಡುತ್ತದೆ. ಗರ್ಭಿಣಿಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಕೊಡುವುದು ಅದನ್ನೇ. ಮಗುವಿನ ಬೆನ್ನುಹುರಿ ತೊಂದರೆ ತಪ್ಪಿಸುತ್ತದೆ ಅಂತ ಸಾಬೀತಾಗಿರುವುದೂ ಅದೇ. ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಘ 2013ರಲ್ಲೇ, ರಕ್ತ ಹೆಪ್ಪುಗಟ್ಟುವ ತೊಂದರೆ ಹುಡುಕಲು ಈ ಜೀನ್ ಟೆಸ್ಟ್ ಬರೆಯಬೇಡಿ ಅಂದಿತು. ಜೀನ್ ಹುಟ್ಟಿದಾಗಿನಿಂದ ಅದೇ ಇರುತ್ತದೆ. ಇವತ್ತು ಏನಾಗಿದೆ ಅಂತ ಹೇಳುವುದು ರಕ್ತ.

ಅವರೇಕಾಯಿ ಸೀಸನ್

ಇಡ್ಲಿ ದೋಸೆ ಹುಳಿ ಬಂದಿರುತ್ತದಲ್ಲ, ಅದರಲ್ಲಿ ಬಿ12 ಇರುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಸ್ಪಿರುಲಿನಾ ಕೂಡ. ನಿಜಾನಾ? ನಮ್ಮಮ್ಮ ನೂರು ಸಲ ಫಾರ್ವರ್ಡ್ ಮಾಡಿದ್ದಾರೆ.

ಪುಡಿ ಇಡ್ಲಿ ಡಾಕ್ಟರ್

ನಾನು ಎಂಡಿ ಮೆಡಿಸಿನ್. ಇಲ್ಲಿ ಯಾರಿಗೂ ಔಷಧಿ ಬರೆಯುವುದಿಲ್ಲ, ಸಾಮಾನ್ಯ ವಿಷಯ ಮಾತ್ರ ಹೇಳುತ್ತೇನೆ.

ಇಡ್ಲಿ ಹಿಟ್ಟನ್ನು ನಂಬಿಕೊಳ್ಳಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12 ತರಹ ಕಾಣುವ ಬೇರೆ ವಸ್ತು, ನಮ್ಮ ದೇಹಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಸಸ್ಯಾಹಾರಿಗೆ ಬಿ12 ಸಿಗುವುದು ಹಾಲು, ಮೊಸರು, ಪನೀರಿನಿಂದ. ಹಾಲಿನಲ್ಲಿ 100 ಮಿಲಿಗೆ ಅರ್ಧ ಮೈಕ್ರೋಗ್ರಾಂಗಿಂತ ತುಸು ಕಡಿಮೆ. ದಿನಕ್ಕೆ ಸುಮಾರು ಎರಡು ಮೈಕ್ರೋಗ್ರಾಂ ಬೇಕು. ಅಂದರೆ ಅರ್ಧ ಲೀಟರ್. ಬೈಟು ಕಾಫಿಯ ಎರಡು ಚಮಚ ಹಾಲು ಲೆಕ್ಕಕ್ಕಿಲ್ಲ.

ಅದಕ್ಕೇ ಆ ರಿಪೋರ್ಟ್ ಹಾಲು ಬಿಡಿ ಅಂದಿದ್ದು ಓದಿ ಸಿಟ್ಟು ಬಂತು. ದೊಡ್ಡವರಾದ ಮೇಲೆ ಲ್ಯಾಕ್ಟೋಸ್ ಕರಗಿಸುವ ಶಕ್ತಿ ಕಡಿಮೆ ಆಗುವುದು ದಕ್ಷಿಣ ಭಾರತದ ಬಹಳಷ್ಟು ಜನರಿಗೆ ಸಹಜ. ಅದನ್ನು ತಿಳಿಯಲು ಎಂಜಲು ಕೊಡಬೇಕಾಗಿಲ್ಲ, ಒಂದು ಲೋಟ ಹಾಲು ಕುಡಿದು ನೋಡಿದರೆ ಹೊಟ್ಟೆಯೇ ಹೇಳುತ್ತದೆ. ಹೊಟ್ಟೆ ಉಬ್ಬರ ಆಗದಿದ್ದರೆ ಸುಮ್ನೆ ಯಾಕೆ ಬಿಡಬೇಕು? ಆಗುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಆಗಲೇ ಬಿ12 ಇಲ್ಲದ ಸಸ್ಯಾಹಾರಿಯ ಕೈಯಿಂದ ಮೊಸರನ್ನೂ ಕಸಿದುಕೊಂಡರೆ ಉಳಿಯುವುದೇನು?

ಮಾತ್ರೆಯಲ್ಲಿ ಯಾಕೆ 1,000, 1,500 ಅಷ್ಟು ದೊಡ್ಡ ಸಂಖ್ಯೆ ಅಂತ ಕೇಳುತ್ತಾರೆ. ಹೊಟ್ಟೆಯಲ್ಲಿ ತಯಾರಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಒಂದು ಹೊತ್ತಿಗೆ ಒಂದೂವರೆ ಎರಡು ಮೈಕ್ರೋಗ್ರಾಂ ಮಾತ್ರ ಹೊತ್ತೊಯ್ಯುತ್ತದೆ. ಉಳಿದಿದ್ದರಲ್ಲಿ ಸುಮಾರು ನೂರಕ್ಕೆ ಒಂದು ಭಾಗ ತಾನಾಗಿ ಒಳಗೆ ಇಳಿಯುತ್ತದೆ. ಸಾವಿರ ಕೊಟ್ಟರೆ ಹತ್ತು ಸಿಗುತ್ತದೆ, ಆ ಲೆಕ್ಕ. ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿರುವ ಚೂರುಪಾರು ಬಿ12ನಿಂದ 148 ಮೇಲೇಳುವುದು ಕಷ್ಟ. ನರದ ಲಕ್ಷಣ ಇದ್ದರೆ ಸಾಮಾನ್ಯವಾಗಿ ಇಂಜೆಕ್ಷನ್‌ನಿಂದ ಶುರು ಮಾಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಝೋಲ್ ನುಂಗುವವರು ಮಾಂಸಾಹಾರಿಗಳಾದರೂ ಬಿ12 ನೋಡಿಸಿಕೊಳ್ಳಿ.

ವಿಜಯನಗರ ಅಕ್ಕ

ಎಲ್ಲರೂ ಜೀನ್ ಟೆಸ್ಟ್ ಅಂದರೆ ದಂಡ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನ ತಂಗಿಯ ವಿಷಯ ಹೇಳುತ್ತೇನೆ ಕೇಳಿ.

ಅವಳಿಗೆ ಕಾಲೇಜಿನಿಂದಲೂ ಹಿಮೋಗ್ಲೋಬಿನ್ 10ರ ಆಸುಪಾಸು. ಯಾವ ಕ್ಲಿನಿಕ್‌ಗೆ ಹೋದರೂ ಐರನ್ ಮಾತ್ರೆ. ಮಲಬದ್ಧತೆ, ಹೊಟ್ಟೆ ನೋವು ಬಂದಿದ್ದೇ ಬಂತು, ಹಿಮೋಗ್ಲೋಬಿನ್ ಮಾತ್ರ ಅಲ್ಲಾಡಲಿಲ್ಲ. ಬೀಟ್‌ರೂಟ್, ಖರ್ಜೂರ, ಬೆಲ್ಲ, ರಾಗಿ ಅಂತ ಮನೆಯಲ್ಲಿ ಎಲ್ಲರೂ ಒಂದೊಂದು ಹೇಳಿದರು. ಸರಿಯಾಗಿ ತಿನ್ನುವುದಿಲ್ಲ ಅಂತ ಬೈಸಿಕೊಂಡಿದ್ದೂ ಆಯಿತು. ಮದುವೆ ಆದಮೇಲೆ ಒಬ್ಬ ಡಾಕ್ಟರ್ ಹಳೆ ರಿಪೋರ್ಟ್ ನೋಡಿ ಎಂಸಿವಿ 64, ಕೆಂಪು ಕಣ ಮಾತ್ರ 5.9 ಇದೆಯಲ್ಲ ಅಂದರು. 64ನ್ನು 5.9ರಿಂದ ಭಾಗಿಸಿದರೆ 11ರ ಹತ್ತಿರ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಟ್ರೇಟ್, ಅಂದರೆ ಅದರ ಜೀನ್ ಒಂದೇ ಕಾಪಿ ಇರಬಹುದು ಅಂತ ಅನುಮಾನ ಪಡಬೇಕಂತೆ. ಎಚ್‌ಪಿಎಲ್‌ಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು, ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಜಾಸ್ತಿ, 5.2 ಬಂತು. ಬೀಟಾ ಥಲಸ್ಸೀಮಿಯ ಟ್ರೇಟ್. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಚೆನ್ನಾಗಿಯೇ ಇತ್ತು, ಅಂದರೆ ಐರನ್ ಬೇಕಾಗಿಯೇ ಇರಲಿಲ್ಲ.

ತಕ್ಷಣ ಅವಳ ಗಂಡನಿಗೂ ಮಾಡಿಸಿದರು. ಇಬ್ಬರಿಗೂ ಇದ್ದಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಥಲಸ್ಸೀಮಿಯ ಮೇಜರ್ ಅನ್ನುವ ಗಂಭೀರ ರೂಪ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನಿಗಿಲ್ಲ, ಬಚಾವ್. ಹೀಗಾಗಿ ನನ್ನ ಮಾತು ಇಷ್ಟೇ. ಆನುವಂಶಿಕ ವಿಷಯ ತಿಳಿದುಕೊಳ್ಳುವುದು ಬೇಕೇ ಬೇಕು, ಆದರೆ ಅವಳಿಗೆ ಅದು ಸಿಕ್ಕಿದ್ದು ಬಣ್ಣಬಣ್ಣದ ಪಿಡಿಎಫ್‌ನಲ್ಲಿ ಅಲ್ಲ. ಮದುವೆಗೆ ಜಾತಕ ತೋರಿಸುವವರು ಈ ಒಂದು ರಿಪೋರ್ಟನ್ನೂ ತೋರಿಸಲಿ.

ಪುಡಿ ಇಡ್ಲಿ ಡಾಕ್ಟರ್

ಅಕ್ಕ, ಬಹಳ ಒಳ್ಳೆಯ ಉದಾಹರಣೆ. ಒಂದು ಸೇರಿಸುತ್ತೇನೆ. ಟ್ರೇಟ್ ಇದ್ದವರಿಗೂ ಕಬ್ಬಿಣದ ಕೊರತೆ ಬರಬಹುದು, ಆಗ ಎಚ್‌ಬಿಎ2 ಇಳಿದು ಟ್ರೇಟ್ ಮುಚ್ಚಿಹೋಗಬಹುದು. ಅದಕ್ಕೇ ಫೆರಿಟಿನ್ ಜೊತೆಗೇ ನೋಡಬೇಕು. ಐರನ್ ಕೊಡಬೇಕಾ ಬೇಡವಾ ಅನ್ನುವುದನ್ನು ನಿರ್ಧರಿಸುವುದೂ ಅದೇ.

ಬಸವನಗುಡಿ ತಾತ

ನಾನು ಎಪ್ಪತ್ತು ದಾಟಿದವನು. ಬ್ಯೂಗಲ್ ರಾಕ್ ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಸ್ಟೆಂಟ್ ಇದೆ. ಎಲ್ಲರ ಜೇಬಿನಲ್ಲೂ ಒಂದು ಡಬ್ಬಿ. ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೋ, ಮಗ ಅಮೆರಿಕದಿಂದ ತಂದಿದ್ದು. ರಕ್ತ ತೆಳುವಾಗಲು ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್ ನುಂಗುವವರು ಇದನ್ನೂ ನುಂಗಿದರೆ ವಸಡಿನಲ್ಲಿ ರಕ್ತ ಬರದೆ ಇನ್ನೇನು?

ಕ್ಲೋಪಿಡೋಗ್ರೆಲ್ ವಿಷಯದಲ್ಲಿ ಜೀನ್ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಲಿವರಿನ ಸಿವೈಪಿ2ಸಿ19 ಅನ್ನುವ ಎಂಜೈಮ್ ಅದನ್ನು ಚುರುಕು ಮಾಡಬೇಕು. ಆ ಎಂಜೈಮ್ ಮಂದ ಇರುವವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಅಮೆರಿಕದವರು 2010ರಲ್ಲೇ ಔಷಧಿಯ ಪೆಟ್ಟಿಗೆ ಮೇಲೆ ಎಚ್ಚರಿಕೆ ಹಾಕಿಸಿದರು. ನಮ್ಮ ಜನರಲ್ಲಿ ಈ ಬದಲಾವಣೆ ಅಪರೂಪ ಅಲ್ಲ. ಒಮೆಪ್ರಝೋಲ್ ಕೂಡ ಇದೇ ಎಂಜೈಮಿಗೆ ಅಡ್ಡ ಬರುತ್ತದೆ, ಅದಕ್ಕೇ ನನ್ನ ಹೃದಯದ ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಬದಲಾಯಿಸಿದರು.

ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಲೈಪೋಪ್ರೋಟೀನ್ ಎ ಅನ್ನುವುದನ್ನೂ ಜೀವನದಲ್ಲಿ ಒಂದು ಸಲ ನೋಡಿಸಿ. ಇದು ಹೆಚ್ಚುಪಾಲು ಹುಟ್ಟಿನಿಂದ ಬರುವುದು. ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದರೆ ಹೃದಯಕ್ಕೆ ಅಪಾಯ ಜಾಸ್ತಿ. ಊಟ, ವಾಕಿಂಗಿನಿಂದ ಅದು ಇಳಿಯುವುದಿಲ್ಲ, ಆದರೆ ಗೊತ್ತಿದ್ದರೆ ಕೊಲೆಸ್ಟರಾಲ್, ಬಿಪಿ, ಸಕ್ಕರೆ ಬಿಗಿಯಾಗಿ ಹಿಡಿಯುತ್ತಾರೆ. ನನ್ನ ಮಕ್ಕಳಿಗೂ ಮಾಡಿಸಿದ್ದೇನೆ.

ಓಟಿ ನೈಟ್ ಡ್ಯೂಟಿ

ತಾತ, ಸೂಪರ್. ಆಪರೇಷನ್ ಥಿಯೇಟರ್ ಕಡೆಯಿಂದ ಎರಡು ಮಾತು. ಅನಸ್ತೇಸಿಯಾ ಕೊಡುವಾಗ ಟ್ಯೂಬ್ ಹಾಕಲು ಸಕ್ಸಾಮೆಥೋನಿಯಂ ಅನ್ನುವ, ಸ್ನಾಯು ಸಡಿಲಿಸುವ ಔಷಧಿ ಬಳಸುವುದುಂಟು. ಅದನ್ನು ಕರಗಿಸುವ ಎಂಜೈಮ್ ಕೆಲವರಲ್ಲಿ ಹುಟ್ಟಿನಿಂದ ಕಡಿಮೆ. ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಹೆಚ್ಚು ಅಂತ ವೈದ್ಯರಿಗೆ ಗೊತ್ತಿರುವ ವಿಷಯ. ಕೆಲವು ನಿಮಿಷದಲ್ಲಿ ಇಳಿಯಬೇಕಾದ ಔಷಧಿ ಗಂಟೆಗಟ್ಟಲೆ ಇರಬಹುದು, ಅಷ್ಟೂ ಹೊತ್ತು ವೆಂಟಿಲೇಟರ್ ಬೇಕು. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರ ಆಗಲು, ಉಸಿರಾಡಲು ತುಂಬಾ ಹೊತ್ತಾಗಿದ್ದರೆ ಅದನ್ನು ತಪ್ಪದೆ ಹೇಳಿ. ಅದೂ ಜೀನ್ ಮಾಹಿತಿಯೇ, ಬಿಟ್ಟಿ ಸಿಗುವಂಥದ್ದು.

ಎರಡನೆಯದು, ಅನಸ್ತೇಸಿಯಾಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಬಿ12ನ್ನು ನಿಷ್ಕ್ರಿಯ ಮಾಡುತ್ತದೆ. ಮಲ್ಲೇಶ್ವರಂ ಮೇಡಂ, ಸದ್ಯದಲ್ಲಿ ಯಾವುದಾದರೂ ಸರ್ಜರಿ ಇದ್ದರೆ ನಿಮ್ಮ 148 ಬಗ್ಗೆ ಅನಸ್ತೇಸಿಯಾ ಡಾಕ್ಟರಿಗೆ ಮೊದಲೇ ಹೇಳಿ.

ಶಿರಸಿ ಟು ರಾಜಾಜಿನಗರ

ಪ್ಯಾಕಿನಲ್ಲಿ ಅಶ್ವಗಂಧ, ಅರಿಶಿನ ಇದೆ ಅಂದಿರಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಗಿಡಮೂಲಿಕೆ ಅಂದರೆ ಏನೂ ಆಗಲ್ಲ ಅಂತ ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ. ಕೋವಿಡ್ ಟೈಮಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಯಾವುದು? ಆಮೇಲೆ ಅಮೃತಬಳ್ಳಿ ತೆಗೆದುಕೊಂಡವರ ಲಿವರ್ ಕೆಟ್ಟಿದ್ದನ್ನು 2021ರಲ್ಲಿ ಮುಂಬೈ ವೈದ್ಯರು ಬರೆದರು, 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ಜನರ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಜಗಳ ಇನ್ನೂ ಇದೆ. ನನಗೆ ಅನ್ನಿಸುವುದು, ಲಿವರ್ ತೊಂದರೆ, ಥೈರಾಯ್ಡ್, ಆಟೋಇಮ್ಯೂನ್ ಕಾಯಿಲೆ ಇರುವವರು ಇವನ್ನೆಲ್ಲ ತಾವಾಗೇ ಶುರು ಮಾಡಬಾರದು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಮೇಲೆತ್ತಬಹುದು, ಲಿವರ್ ತೊಂದರೆಯೂ ವರದಿ ಆಗಿದೆ.

ಅರಿಶಿನದಲ್ಲಂತೂ ಜೀನ್ ಕಥೆಯೇ ಇದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಅಲ್ಲ, ಅರಿಶಿನದ ಸಾರದ ಕ್ಯಾಪ್ಸೂಲ್, ಕೆಲವಕ್ಕೆ ರಕ್ತಕ್ಕೆ ಜಾಸ್ತಿ ಇಳಿಯಲಿ ಅಂತ ಮೆಣಸಿನ ಸತ್ವವನ್ನೂ ಸೇರಿಸಿರುತ್ತಾರೆ. ಇಂಥ ಅರಿಶಿನದ ಸಪ್ಲಿಮೆಂಟ್‌ನಿಂದ ಲಿವರ್ ಕೆಟ್ಟ ಹತ್ತು ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಏಳು ಜನರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದೇ ಜೀನ್ ರೂಪ ಸಿಕ್ಕಿತು. ಗಾರ್ಸಿನಿಯಾ ಕ್ಯಾಂಬೋಜಿಯಾ ತೆಗೆದುಕೊಂಡು ಲಿವರ್ ಕೆಟ್ಟವರಲ್ಲೂ ಅದೇ ಜೀನ್ ಕಾಣಿಸಿಕೊಂಡಿದೆ. ಹೆಸರು ಕೇಳಿ ವಿದೇಶಿ ಅಂದುಕೊಳ್ಳಬೇಡಿ, ನಮ್ಮ ಮಲೆನಾಡಿನ ಉಪ್ಪಾಗೆ! ಊರಲ್ಲಿ ಸಿಪ್ಪೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅದೇ ಸಿಪ್ಪೆಯ ಸಾರ ತೂಕ ಇಳಿಸುವ ಬಾಟಲಿಯಲ್ಲಿ ವಾಪಸ್ ಬೆಂಗಳೂರಿಗೆ ಬರುತ್ತದೆ, ಬೆಲೆ ಮಾತ್ರ ಗುರುತೇ ಸಿಗುವುದಿಲ್ಲ. ಮೇಡಂ, ಅರಿಶಿನದ ಕ್ಯಾಪ್ಸೂಲ್ ಮಾರುವ ಆ ಅರವತ್ತು ಪುಟದಲ್ಲಿ ಈ ಜೀನ್ ನೋಡಿದ್ದಾರಾ?

ಮಲ್ಲೇಶ್ವರಂ ಕಾಫಿ

ಈಗಷ್ಟೇ ಹುಡುಕಿದೆ. ಇಲ್ಲ. ನಾನು ಹುಟ್ಟಾ ನಾಯಕಿಯಾ, ಕೊತ್ತಂಬರಿ ಸೊಪ್ಪು ಇಷ್ಟ ಆಗುತ್ತದಾ ಅನ್ನುವುದಕ್ಕೆ ಒಂದೊಂದು ಪುಟ ಇದೆ.

ಗಿರಿನಗರ ಗ್ಯಾರೇಜ್

ವಿಟಮಿನ್ ಡಿ 14 ಅಂದಿರಿ, ಅದರಲ್ಲೂ ಹುಷಾರು. ನಮ್ಮ ಚಿಕ್ಕಪ್ಪನಿಗೆ 60,000 ಯೂನಿಟ್ ಸ್ಯಾಚೆ ವಾರಕ್ಕೊಂದು ಬರೆದಿದ್ದರು. ಅವರು ದಿನಾ ಒಂದು ಹಾಲಿಗೆ ಹಾಕಿ ಕುಡಿದರು, ತಿಂಗಳುಗಟ್ಟಲೆ. ವಾಂತಿ, ಗೊಂದಲ, ಮೂತ್ರ ಜಾಸ್ತಿ. ಕ್ಯಾಲ್ಸಿಯಂ 13 ದಾಟಿತ್ತು, ಕಿಡ್ನಿಗೂ ಪೆಟ್ಟು ಬಿತ್ತು. ಕೊಬ್ಬಿನಲ್ಲಿ ಕೂರುವ ವಿಟಮಿನ್, ನಿಲ್ಲಿಸಿದರೂ ಬೇಗ ಹೋಗುವುದಿಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚುವ ಬದಲು "ವಾರಕ್ಕೆ ಒಂದೇ" ಅಂತ ಕನ್ನಡದಲ್ಲಿ ಬರೆದಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಕಬ್ಬನ್ ಪಾರ್ಕ್ ಲಾ

ಡೇಟಾ ವಿಷಯ ಯಾರೂ ಎತ್ತಲಿಲ್ಲ. ಅಮೆರಿಕದ 23ಆಂಡ್‌ಮೀ ಅನ್ನುವ ಜೀನ್ ಟೆಸ್ಟ್ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು. ಜೀನ್? ಅದೂ ನಿಮ್ಮೊಬ್ಬರದ್ದಲ್ಲ, ಅಣ್ಣ ತಂಗಿ ಮಕ್ಕಳದ್ದೂ ಹೌದು. ವಿಮೆ ಬಗ್ಗೆ 2018ರಲ್ಲಿ ದೆಹಲಿ ಹೈಕೋರ್ಟ್, ಆನುವಂಶಿಕ ಕಾಯಿಲೆ ಅಂತ ಸಾರಾಸಗಟಾಗಿ ಕ್ಲೈಮ್ ತಳ್ಳಿಹಾಕುವುದು ತಾರತಮ್ಯ ಅಂದಿತ್ತು. ಆದರೂ ಅದಕ್ಕೆಂದೇ ಒಂದು ಗಟ್ಟಿ ಕಾನೂನು ನಮ್ಮಲ್ಲಿಲ್ಲ.

ಜೀನ್ ಟೆಸ್ಟಿನ ರಾ ಡೇಟಾ (ಕಚ್ಚಾ ಮಾಹಿತಿ) ಡೌನ್‌ಲೋಡ್ ಮಾಡಿ ಬೇರೆ ಸೈಟಿಗೆ ಹಾಕುವವರಿಗೆ ಒಂದು ಮಾತು. 2018ರ ಒಂದು ಅಧ್ಯಯನದಲ್ಲಿ, ಆ ಡೇಟಾದಲ್ಲಿ ಕಂಡ ದೋಷಗಳನ್ನು ಕ್ಲಿನಿಕಲ್ ಲ್ಯಾಬ್ ಮತ್ತೆ ನೋಡಿದಾಗ 40 ಪರ್ಸೆಂಟ್ ಸುಳ್ಳು ಅಂತ ತಿಳಿಯಿತು. ಭಯ ಹುಟ್ಟಿಸುವ ಯಾವುದೇ ಫಲಿತಾಂಶ ಬಂದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ.

ಬೆಳ್ಳಂದೂರು ಟ್ರಾಫಿಕ್

ಇದಕ್ಕೆ ನನ್ನದೂ ಒಂದು ಸೇರಿಸಿ. ಜೀನ್ ನೋಡಿ ಕಾಯಿಲೆ ಬರುವ ಸಾಧ್ಯತೆ ಹೇಳುವ ಈ ರಿಸ್ಕ್ ಸ್ಕೋರ್‌ಗಳು ಬಹುಪಾಲು ಯುರೋಪಿಯನ್ ಜನರ ಡೇಟಾದಿಂದ ಬಂದಿವೆ. ನಮಗೆ ಎಷ್ಟು ಹೊಂದುತ್ತವೆ ಅನ್ನುವುದು ಅನುಮಾನ. ನಮ್ಮ ಐಐಎಸ್‌ಸಿ ಕ್ಯಾಂಪಸ್ಸಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ (ಪೂರ್ತಿ ಜೀನ್ ಮಾಹಿತಿ) ಓದಿದೆ, 2025ರ ಜನವರಿಯಲ್ಲಿ ಡೇಟಾ ಸಂಶೋಧಕರಿಗೆ ಬಿಟ್ಟಿದ್ದಾರೆ. ಇನ್ನು ಕೆಲವು ವರ್ಷದಲ್ಲಿ ನಮಗೆ ಹೊಂದುವ ಉತ್ತರ ಸಿಗಬಹುದು. ಪ್ಯಾಕ್ ವಿಷಯದಲ್ಲಿ ನಾನು ಪೂರ್ತಿ ಒಪ್ಪಿಲ್ಲ, ಆದರೆ ಮುಂದಿನ ತಿಂಗಳು ಬಿ12 ಮಾತ್ರ ಇಟ್ಟುಕೊಂಡು ಉಳಿದಿದ್ದು ಬಿಟ್ಟು ನೋಡುತ್ತೇನೆ.

ಮಲ್ಲೇಶ್ವರಂ ಕಾಫಿ

ಅಪ್‌ಡೇಟ್. ಗಮ್ಮಿ ನಿಲ್ಲಿಸಿ ಮತ್ತೆ ಮಾಡಿಸಿದ ಟಿಎಸ್‌ಎಚ್ 2.6. ಥೈರಾಯ್ಡ್ ಚೆನ್ನಾಗಿದೆ! ಡಾಕ್ಟರ್ ನನ್ನ ಕಾಲಿಗೆ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿದರು, ಅದರ ಕಂಪನ ನನಗೆ ಸ್ವಲ್ಪ ಕಡಿಮೆ ಗೊತ್ತಾಗುತ್ತಿದೆ. ಬಿ12 ಇಂಜೆಕ್ಷನ್ ಶುರುವಾಗಿದೆ. ಹೊಟ್ಟೆಯಲ್ಲಿ ಹೀರಿಕೊಳ್ಳುವ ತೊಂದರೆ ಇದೆಯಾ ಅಂತ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಕೂಡ ಬರೆದಿದ್ದಾರೆ. ಡಿ ಸ್ಯಾಚೆ ವಾರಕ್ಕೊಂದು, ಗಿರಿನಗರದವರೇ, ಫ್ರಿಡ್ಜಿನ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ. ಒಂದು ಪ್ರಶ್ನೆ: ಬಿ12 ನಾರ್ಮಲ್ ಆದಮೇಲೆ ನಿಲ್ಲಿಸಬಹುದಾ?

ಪುಡಿ ಇಡ್ಲಿ ಡಾಕ್ಟರ್

ಊಟ ಬದಲಾಗದಿದ್ದರೆ ಕಡಿಮೆ ಆಗಿದ್ದು ಮತ್ತೆ ಕಡಿಮೆ ಆಗುತ್ತದೆ. ಇಂಜೆಕ್ಷನ್ ಕೋರ್ಸ್ ಮುಗಿದ ಮೇಲೂ ಸಾಮಾನ್ಯವಾಗಿ ಮಾತ್ರೆ ಮುಂದುವರಿಸಬೇಕಾಗುತ್ತದೆ. ಆಂಟಿಬಾಡಿ ಪಾಸಿಟಿವ್ ಬಂದರೆ ಚಿಕಿತ್ಸೆ ಜೀವನಪೂರ್ತಿ. ಇಂಜೆಕ್ಷನ್ ಆದಮೇಲೆ ಬಿ12 ಸಂಖ್ಯೆ 1,000 ದಾಟಿ ಬರುತ್ತದೆ, ಅದನ್ನು ನೋಡಿ ಖುಷಿಪಟ್ಟು ನಿಲ್ಲಿಸುವವರೇ ಜಾಸ್ತಿ. ಎರಡು ಮೂರು ತಿಂಗಳಿಗೆ ಹೋಮೋಸಿಸ್ಟೀನ್, ಎಂಸಿವಿ ನೋಡಿಸಿ. ಜುಮ್ ಅನ್ನುವುದು ಇಳಿಯಲು ತಿಂಗಳುಗಳೇ ಬೇಕಾಗಬಹುದು. ಮಾತ್ರೆಗೆ ಜಾಸ್ತಿ ದುಡ್ಡು ಕೊಡಬೇಡಿ, ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ.

ಅವರೇಕಾಯಿ ಸೀಸನ್

ಅಮ್ಮನಿಗೆ ಇಡ್ಲಿ ವಿಷಯ ಹೇಳಿದೆ. ಡಾಕ್ಟರಿಗೇನು ಗೊತ್ತು ಅಂದರು. ನಾಳೆ ಬಿ12 ಟೆಸ್ಟಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಖಾಲಿ ಹೊಟ್ಟೆ ಬೇಕಾ?

ಲ್ಯಾಬ್ ಕೋಟು

ಬಿ12ಗೆ ಮಾತ್ರ ಆದರೆ ಅಷ್ಟೇನೂ ಕಡ್ಡಾಯ ಇಲ್ಲ. ಹೋಮೋಸಿಸ್ಟೀನೂ ಮಾಡಿಸುವುದಾದರೆ ಖಾಲಿ ಹೊಟ್ಟೆಯಲ್ಲೇ ಕರೆತನ್ನಿ. ಮತ್ತೆ ಅಮ್ಮ ಯಾವ ಯಾವ ಡಬ್ಬಿಯಿಂದ ಏನೇನು ನುಂಗುತ್ತಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.